ನಾಷ್ಟ ಎಂದರೆ ಹಸಿದ ಹೊಟ್ಟೆ

ನಮ್ಮ ಅಂಗಡಿಯ ಬೋರ್ಡಿನ ಮೇಲೆ ಇರುವುದು ಒಂದೇ ಪದ, ನಾಷ್ಟ. ದೇವರ ಹೆಸರಿಲ್ಲ, ಪಟವಿಲ್ಲ, ಮಾಲೀಕರು ಯಾರು ಅಂತಲೂ ಬರೆದಿಲ್ಲ. ಗೆಜ್ಜಲಗೆರೆಯ ಹತ್ತಿರ ಹೆದ್ದಾರಿಯ ಪಕ್ಕದ ಚಿಕ್ಕ ರಸ್ತೆಯಲ್ಲಿ ಶೀಟು ಹೊದಿಸಿದ ಆ ಅಂಗಡಿಯನ್ನು ನಾನೂ ನನ್ನ ಅತ್ತೆಯೂ ಸೇರಿ ನಡೆಸುತ್ತಿದ್ದೆವು. ಅತ್ತೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಬರೆಯುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಹತ್ತನೇ ಕ್ಲಾಸಿನ ನಂತರ ನಾನು ಬರೆದದ್ದು ಸಾಮಾನಿನ ಚೀಟಿಗಳನ್ನು ಮಾತ್ರ. ಆದರೂ ಅವರ ಬಗ್ಗೆ ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ, ಹೇಳಹೊರಟರೆ ಆ ಒಂದು ಪದದಿಂದಲೇ ಶುರುವಾಗುತ್ತದೆ.

ಬೋರ್ಡು ಬರೆಯಲು ಬಂದಿದ್ದ ಪೇಂಟರು ನಮ್ಮೂರಿನವನೇ. ಬ್ರಷ್ಷು ಹಿಡಿದುಕೊಂಡು, "ಏನವ್ವಾ ಎಸ್ರು ಆಕ್ಲಿ? ಮನೆದೇವ್ರು ಎಸ್ರೇ ಆಕ್ಬುಡ್ಲಾ?" ಅಂದ.

"ಅಸ್ಕಂಡಿರೋನು ದೇವ್ರೆಸ್ರು ಓದ್ಕಂಡು ಒಳೀಕ್ ಬತ್ತಾನೇನ್ಲಾ? ನಾಷ್ಟ ಅಂತ ಬರಿ ಸಾಕು" ಅಂದರು ಅತ್ತೆ.

"ಬರೀ ನಾಷ್ಟ ಅಂದ್ರೆ ಬೋಳುಬೋಳ್ಗಿರ್ತದಲ್ಲವ್ವ."

"ನಿನ್ ತಲೆ ಅಂಗಿಲ್ವಾ? ಅದ್ಕೇನೀಗ? ಬರೀಲಾ."

ಅವನು ಬೋಳುತಲೆ ಸವರಿಕೊಂಡು ನಗುತ್ತಲೇ ಬರೆದ.

ನನ್ನ ತವರಿನಲ್ಲಿ ಆ ಪದದ ಬಳಕೆ ಇರಲಿಲ್ಲ. ಮದ್ದೂರು ತಾಲ್ಲೂಕಿನ ಒಳಗಿನ ಹಳ್ಳಿ ನಮ್ಮದು. ಬೆಳಗ್ಗೆ ಉಣ್ಣುತ್ತಿದ್ದದ್ದು ಹಿಟ್ಟು, ಅಂದರೆ ರಾಗಿಮುದ್ದೆ, ಜೊತೆಗೆ ಹಿಂದಿನ ದಿನದ ಸಾರು. ದಾರಿಯಲ್ಲಿ ಎದುರಾದವರು ಕೇಳುತ್ತಿದ್ದದ್ದು "ಇಟ್ಟುಂಡ್ಯಾ?" ಅಂತ. ತಿಂಡಿ ಅಂದರೆ ನೆಂಟರು ಬಂದಾಗಿನ ಮಾತು. ನಾಷ್ಟ ಅನ್ನುವುದು ಬಸ್‌ಸ್ಟ್ಯಾಂಡಿನ ಹೋಟೆಲಿನವರ ಮಾತು ಅಂದುಕೊಂಡಿದ್ದೆ. ಹಾಗಾಗಿ ಮದುವೆಯಾಗಿ ಬಂದ ಮಾರನೆಯ ಬೆಳಗ್ಗೆ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಒಲೆಯ ಮುಂದೆ ಕೂತಿದ್ದ ಅತ್ತೆ ತಲೆಯೆತ್ತಿ "ನಾಷ್ಟ ಆಗ್ಬೇಕಲ್ಲವ್ವ ನಿಂಗೆ" ಅಂದಾಗ ನನಗೆ ವಿಚಿತ್ರವೆನ್ನಿಸಿತು.

ಅತ್ತೆ ಹುಟ್ಟಿ ಬೆಳೆದದ್ದು ಮಳವಳ್ಳಿ ಪೇಟೆಯಲ್ಲಿ. ಅವರ ಮನೆಗೂ ಪಕ್ಕದ ಸಾಬರ ಮನೆಗೂ ಒಂದೇ ಗೋಡೆ. ಆ ಮನೆಯ ಅಮ್ಮ ದಿನಾ ಬೆಳಗ್ಗೆ ಹಿತ್ತಲಿನ ಮೋಟುಗೋಡೆಯ ಮೇಲಿಂದ ತಲೆ ಹಾಕಿ "ನಾಷ್ಟಾ ಹುವಾ?" ಅಂತ ಕೂಗುತ್ತಿದ್ದರಂತೆ. ಅರ್ಥ ತಿಳಿಯುವ ಮೊದಲೇ ಅತ್ತೆಗೆ ಉತ್ತರ ಬರುತ್ತಿತ್ತು. ಇಲ್ಲ ಅಂದರೆ ಗೋಡೆಯ ಆ ಕಡೆಯಿಂದ ಏನಾದರೂ ಬರುತ್ತಿತ್ತು, ಆಯಿತು ಅಂದರೂ ಬರುತ್ತಿತ್ತು. ಗಂಡನ ಮನೆಗೆ ಬರುವಾಗ ಅತ್ತೆ ತಮ್ಮ ಜೊತೆ ಈ ಪದವನ್ನೂ ತಂದರು. ಸಾಯುವವರೆಗೂ ಬೆಳಗಿನ ಹೊತ್ತು ಯಾರೇ ಎದುರಾದರೂ ಅವರು ಮೊದಲು ಕೇಳುತ್ತಿದ್ದದ್ದು ಅದನ್ನೇ.

ಅಂಗಡಿಯಲ್ಲಿ ನಮ್ಮದು ಇಡ್ಲಿ, ಸಾಂಬಾರು, ಕಾಯಿಚಟ್ನಿ. ಬೇರೆ ಏನೂ ಇಲ್ಲ. ಸುತ್ತಲಿನ ಕಾರ್ಖಾನೆಗಳಿಗೆ ಬಸ್ಸಿನಲ್ಲಿ, ಬೈಕಿನಲ್ಲಿ ಬರುವವರು, ಗಾರ್ಮೆಂಟ್ಸಿಗೆ ಹೋಗುವ ನಿಡಘಟ್ಟದ ಕಡೆಯ ಹೆಣ್ಣುಮಕ್ಕಳು ನಮ್ಮ ಗಿರಾಕಿಗಳು. ಬೆಳಕು ಹರಿಯುವ ಮುಂಚೆ ಒಲೆ ಹಚ್ಚಬೇಕು. ಬೇಳೆ ಬೇಯಿಸುವುದು, ಹುಳಿ ಕಿವುಚುವುದು, ಕಾಯಿ ತುರಿಯುವುದು, ಇಡ್ಲಿ ಇಡುವುದು ನನ್ನ ಕೆಲಸ. ಉಪ್ಪು ಮಾತ್ರ ಅತ್ತೆಯದು.

ಅದೊಂದು ಪದ್ಧತಿ. ಸಾಂಬಾರು ಕುದಿ ಬಂದ ಮೇಲೆ ನಾನು ಪಕ್ಕಕ್ಕೆ ಸರಿಯಬೇಕು. ಅತ್ತೆ ಬಂದು ಪಾತ್ರೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಹಬೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಕಲ್ಲುಪ್ಪಿನ ಮಡಕೆಗೆ ಕೈ ಹಾಕಿ ಒಂದು ಹಿಡಿ, ಮತ್ತೆ ವಾಸನೆ, ಮತ್ತೆ ಚೂರು. ಚಟ್ನಿಗೂ ಹಾಗೆಯೇ. ನಾಲಿಗೆಯ ಮೇಲೆ ಒಂದು ಹನಿ ಹಾಕಿಕೊಂಡದ್ದನ್ನು ನಾನು ಕಂಡಿಲ್ಲ. ಉಪ್ಪಿಗೆ ವಾಸನೆ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ಹೇಳುತ್ತಿದ್ದದ್ದು ಇಷ್ಟೇ: "ಒಟ್ಟೆ ಅಸ್ದಿರ್ಬೇಕು ಕಣವ್ವ. ತಿಂದ್ ಮೂಗ್ಗೆ ಏನೂ ತಿಳ್ಯಾಕಿಲ್ಲ." ಹಾಗಾಗಿ ಉಪ್ಪು ಹಾಕುವವರೆಗೂ ಅವರು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಹಾಕಿದ ಮೇಲೆ ಗಿರಾಕಿಗಳು ಬರುತ್ತಿದ್ದರು. ಕೊನೆಯ ತಟ್ಟೆ ಎದ್ದ ಮೇಲೆಯೇ ನಾವಿಬ್ಬರೂ ಕೂತು ಮಿಕ್ಕಿದ್ದನ್ನು ತಿನ್ನುತ್ತಿದ್ದದ್ದು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡಲು ಅವರು ಬಿಡುತ್ತಿರಲಿಲ್ಲ. "ಅದ್ನ ಮಡ್ಗುದ್ರೆ, ನಂಗೆ ಅಡ್ಗೆ ಬರಾಕಿಲ್ಲ ಅಂತ ನಾನೇ ಬೋರ್ಡಾಕ್ದಂಗೆ."

ದಿನಾ ಬರುವವರಲ್ಲಿ ಒಬ್ಬ ಉರ್ದು ಮೇಷ್ಟ್ರಿದ್ದರು, ಈಗಲೂ ಇದ್ದಾರೆ. ಮದ್ದೂರಿನಿಂದ ಸ್ಕೂಟರಿನಲ್ಲಿ ಶಾಲೆಗೆ ಹೋಗುವಾಗ ಇಲ್ಲಿ ನಿಲ್ಲಿಸಿ ಇಡ್ಲಿ ತಿಂದೇ ಹೋಗುವುದು. ಮಾತು ಕಡಿಮೆ. ಒಂದು ದಿನ ಕೈ ತೊಳೆದುಕೊಂಡು ಬೋರ್ಡನ್ನೇ ನೋಡುತ್ತ ನಿಂತು, "ಅಮ್ಮಾ, ನಿಮ್ಮ ಬೋರ್ಡಿನಲ್ಲಿರೋ ಪದ ಬಹಳ ದೂರದ್ದು" ಅಂದರು.

"ದೂರ ಏನ್ ಬಂತು ಮೇಷ್ಟ್ರೇ, ಮಳವಳ್ಳಿದು."

"ಮಳವಳ್ಳಿಗೆ ಮುಂಚೆ ಪಾರಸಿ ದೇಶದ್ದು. ಅಲ್ಲಿ ನಾಷ್ಟ ಅಂದ್ರೆ ತಿಂಡಿ ಅಲ್ಲಮ್ಮ. ಬೆಳಗ್ಗೆಯಿಂದ ಏನೂ ತಿನ್ನದೆ ಇರೋರು. ಖಾಲಿ ಹೊಟ್ಟೆಯವರು."

ಅತ್ತೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಕೇಳಿಸಿಕೊಂಡರು. ಮೊದಲಿಗಿರುವ 'ನಾ' ಅಂದರೆ ಇಲ್ಲ ಅಂತ, ಉಳಿದದ್ದು ತಿನ್ನುವುದಕ್ಕೆ ಸಂಬಂಧಪಟ್ಟದ್ದು ಅಂತ ಕೆಲವರು ಹೇಳುತ್ತಾರೆ, ತಮಗೂ ಖಾತ್ರಿಯಿಲ್ಲ ಅಂದರು ಮೇಷ್ಟ್ರು. ಹಿಂದೆ ಆ ಕಡೆಯವರು ನಾಷ್ಟ ಮುರಿಯುವುದು ಅನ್ನುತ್ತಿದ್ದರಂತೆ, ಅಂದರೆ ಹಸಿವನ್ನು ಮುರಿಯುವುದು. ಬರಬರುತ್ತ ಮುರಿಯುವುದು ಬಿಟ್ಟುಹೋಗಿ, ಹಸಿವಿನ ಹೆಸರೇ ಹಸಿವು ಕಳೆಯುವ ಊಟಕ್ಕೆ ಅಂಟಿಕೊಂಡಿತು. ಉರ್ದುವಿನಲ್ಲಿ, ಹಿಂದಿಯಲ್ಲಿ, ಬಂಗಾಳದಲ್ಲಿ ಅದು ಬೆಳಗಿನ ತಿಂಡಿ. ಗುಜರಾತಿನವರಿಗೆ ಯಾವ ಹೊತ್ತಿನಲ್ಲಿ ಬಾಯಾಡಿಸಿದರೂ ಅದೇ. ಈಗಲೂ ಇರಾನಿನಲ್ಲಿ ರಕ್ತಪರೀಕ್ಷೆಗೆ ನಾಷ್ಟ ಆಗಿ ಬನ್ನಿ ಅಂದರೆ ಏನೂ ತಿನ್ನದೆ ಬನ್ನಿ ಅಂತ.

"ಅಂಗಾರೆ ಬೋರ್ಡ್ನಾಗಿರೋದು ನನ್ನೆಸ್ರೇ ಕಣ್ರಪ್ಪಾ" ಅಂದರು ಅತ್ತೆ. "ಈ ಅಂಗ್ಡೀಲಿ ಬೆಳಿಗ್ಗಿಂದ ಏನೂ ತಿನ್ದೆ ಇರೋಳು ನಾನೊಬ್ಳೆ. ನೀವು ತಿಂದಿದ್ದು ಬರೀ ಇಡ್ಲಿ."

ಮೇಷ್ಟ್ರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಅತ್ತೆಗೆ ಆ ವಿಷಯ ಬಹಳ ಹಿಡಿಸಿಬಿಟ್ಟಿತು. ಬಂದವರಿಗೆಲ್ಲ ಹೇಳಿದರು. ಸಕ್ಕರೆ ಕಾಯಿಲೆ ಇರಬಹುದೆಂದು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ರಕ್ತ ತೆಗೆಯುವ ಹುಡುಗಿ "ಅಜ್ಜಿ, ಖಾಲಿ ಹೊಟ್ಟೇಲಿ ಬಂದಿದ್ದೀರಾ?" ಅಂತ ಕೇಳಿದಳು. ಅತ್ತೆ ತೋಳು ಚಾಚಿ, "ನಾಷ್ಟ ಆಗ್ ಬಂದಿವ್ನಿ ಕಣವ್ವ" ಅಂದರು. ಆ ಹುಡುಗಿ ಸೂಜಿಯನ್ನು ಕೆಳಗಿಟ್ಟು, "ತಿಂದ್ಕೊಂಡ್ ಬಂದ್ರೆ ಹೆಂಗಜ್ಜಿ? ನಾಳೆ ಬನ್ನಿ" ಅಂತ ಬೈದಳು. ನಾನು ನಡುವೆ ಬಾಯಿ ಹಾಕಿ ಸಮಾಧಾನ ಮಾಡಬೇಕಾಯಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅತ್ತೆ ದಾರಿಯುದ್ದಕ್ಕೂ ನಕ್ಕರು.

ಕಾಯಿಲೆ ಇದೆ ಅಂತಲೇ ಬಂತು. ಮಾತ್ರೆ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ತಿನ್ನಬೇಕು ಅಂದರು ಡಾಕ್ಟರು. ಅತ್ತೆ ಒಪ್ಪಿಕೊಂಡರು, ಆದರೆ ತಮ್ಮ ಲೆಕ್ಕದಲ್ಲಿ. ಮೊದಲು ಸಾಂಬಾರಿಗೆ ಉಪ್ಪು, ಆಮೇಲೆ ಮಾತ್ರೆ, ಆಮೇಲೆ ರಾಗಿರೊಟ್ಟಿ. ಹೀಗೆ ಹಲವು ವರ್ಷ ಚೆನ್ನಾಗಿಯೇ ಇದ್ದರು. ಒಂದು ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿ, "ಸೊಂಟ ನೆಟ್ಗೆ ಮಾಡ್ಕತೀನಿ ಕಣವ್ವ" ಅಂತ ಚಾಪೆಯ ಮೇಲೆ ಮಲಗಿದವರು ಏಳಲಿಲ್ಲ. ಯಾರಿಗೂ ತೊಂದರೆ ಕೊಡಲಿಲ್ಲ. ಅವರು ನರಳಿದ್ದನ್ನು ನಾನು ನೋಡಬೇಕಾಗಿ ಬರಲಿಲ್ಲ, ಅದು ನನ್ನ ಪುಣ್ಯ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು, ನೆಂಟರು ತರುತ್ತಾರೆ. ನಮ್ಮ ಕಡೆ ತಿಥಿಯವರೆಗೂ ಒಗ್ಗರಣೆಯ ಸದ್ದು ಆಗಬಾರದು. ಅಷ್ಟು ವರ್ಷ ಪಾತ್ರೆಗಟ್ಟಲೆ ಬೇಯಿಸಿದ ನಾನು ಕೈಕಟ್ಟಿ ಕೂತಿದ್ದೆ, ಊರಿನವರು ಬಡಿಸಿದರು. ಮೇಷ್ಟ್ರ ಮನೆಯಿಂದಲೂ ಬಂತು. ಅವರ ಹೆಂಡತಿ ನನ್ನ ಪಕ್ಕ ಕೂತು, ನಮ್ಮ ಆಚಾರ ಯಾರನ್ನೋ ಕೇಳಿಕೊಂಡು ಸಪ್ಪೆಯಾಗಿ ಮಾಡಿ ತಂದಿದ್ದ ಅನ್ನ ಬೇಳೆಯನ್ನು ತಟ್ಟೆಗೆ ಹಾಕಿ, "ಒಂದ್ ತುತ್ತು ತಿನ್ನವ್ವ" ಅಂತ ಮಗುವಿಗೆ ಹೇಳುವ ಹಾಗೆ ಹೇಳಿದರು. ನಾನು ಅನ್ನ ಕಲೆಸುತ್ತ ಕೂತೆ. ಆದರೆ ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮೇಷ್ಟ್ರು ಹೇಳಿದ ಆ ಪದವೇ. ಎಲ್ಲೋ ದೂರದ ದೇಶದಲ್ಲಿ ಹಸಿದವರನ್ನು ಕರೆಯುತ್ತಿದ್ದ ಮಾತು, ಕುದುರೆಯ ಮೇಲೋ ಒಂಟೆಯ ಮೇಲೋ ಹೊರಟು, ಸಿಪಾಯಿಗಳ, ವ್ಯಾಪಾರಿಗಳ, ಅಡುಗೆಯವರ ಬಾಯಿಂದ ಬಾಯಿಗೆ ಬಂದು, ಮಳವಳ್ಳಿಯ ಒಂದು ಮೋಟುಗೋಡೆ ದಾಟಿ ನನ್ನ ಅತ್ತೆಗೆ ಸಿಕ್ಕಿತು. ದಾರಿಯುದ್ದಕ್ಕೂ ಅದನ್ನು ಆಡಿದವರು ಯಾರೋ ಹಸಿದವರ ಮುಂದೆ ಏನನ್ನಾದರೂ ಇಟ್ಟಿರಲೇಬೇಕು. ಅವರ್ಯಾರ ಮುಖವೂ ನನಗೆ ಗೊತ್ತಿಲ್ಲ. ಆದರೂ ಅವರ ಉಪಕಾರ ನನ್ನ ಮೇಲಿದೆ ಅನ್ನಿಸಿತು.

ತಿಥಿ ಮುಗಿದ ಮೇಲೆ ನನ್ನ ಗಂಡ ಅಂಗಡಿಯ ಮಾತೆತ್ತಿದರು. ಅವರಿಗೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಕೆಟ್ಟ ಮನಸ್ಸಿನವರಲ್ಲ. ನನ್ನ ಮುಖ ನೋಡದೆ, ಗೋಡೆ ನೋಡಿಕೊಂಡು ಹೇಳಿದರು.

"ಯಾರ್ಗಾರ ಬಾಡ್ಗೆಗೆ ಕೊಟ್ಬುಡನ. ಟೈರಂಗ್ಡಿಯೋನೊಬ್ಬ ಕೇಳ್ತಾವ್ನೆ."

"ನಾನ್ ಮಾಡ್ತೀನಿ."

"ಜನ ಬತ್ತಿದ್ದುದ್ದು ಅವ್ವನ ಕೈರುಚಿಗೆ ಕಣೆ. ನೀನೊಬ್ಳೆ ಎಷ್ಟಂತ ಒದ್ದಾಡೀಯೆ?"

"ತಿಂಗ್ಳು ನೋಡನ. ಜನ ಬರ್ದಿದ್ರೆ ನೀವೇಳ್ದಂಗೆ ಕೇಳ್ತೀನಿ."

ಹಾಗಂತ ಮಾತಾಯಿತು. ಆ ಅಂಗಡಿ ಕೈತಪ್ಪಿದರೆ ಅತ್ತೆಯ ಜೊತೆ ನಾನು ದಿನಾ ಕೂರುತ್ತಿದ್ದ ಜಾಗವೇ ಇಲ್ಲವಾಗುತ್ತದೆ ಅಂತ ನನಗೆ ಹೆದರಿಕೆ.

ಮತ್ತೆ ಒಲೆ ಹಚ್ಚಿದ ದಿನ ಅತ್ತೆ ಹೇಳಿಕೊಟ್ಟ ಹಾಗೆಯೇ ಎಲ್ಲ ಮಾಡಿದೆ. ಕಾಫಿ ಕುಡಿಯಲಿಲ್ಲ. ಬೇಳೆ ಬೇಯಿಸಿದೆ, ಹುಳಿ ಬಿಟ್ಟೆ, ಒಗ್ಗರಣೆ ಕೊಟ್ಟೆ. ಸಾಂಬಾರು ಕುದಿ ಬಂದಾಗ ಅಭ್ಯಾಸದಂತೆ ಪಕ್ಕಕ್ಕೆ ಸರಿದು ಇಡ್ಲಿ ಬಿಡಿಸಲು ಹೋದೆ. ಜನ ಬಂದರು. ಮುಂಚಿನಷ್ಟೇ ಬಂದರು. ತಿಂದು, ತಲೆ ತಗ್ಗಿಸಿ, ಕೈ ತೊಳೆದು ಹೋದರು. ಗಾರ್ಮೆಂಟ್ಸಿನ ಹುಡುಗಿಯರ ಗಲಾಟೆ ಇರಲಿಲ್ಲ. ಮೇಷ್ಟ್ರು ತಿಂದಾದ ಮೇಲೆ ಸ್ವಲ್ಪ ಹೊತ್ತು ಬೋರ್ಡಿನ ಕೆಳಗೆ ನಿಂತಿದ್ದು ಹೋದರು. ದುಃಖದ ಮನೆ ಅಂತ ಮರ್ಯಾದೆ ಕೊಡುತ್ತಿದ್ದಾರೆ ಅಂದುಕೊಂಡೆ. ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ಇಡ್ಲಿ ತಿನ್ನಲು ನನಗೆ ಮನಸ್ಸಾಗಲಿಲ್ಲ. ಮನೆಗೆ ಹೋಗಿ ಮಧ್ಯಾಹ್ನ ಒಂದಿಷ್ಟು ಹಿಟ್ಟು ಉಂಡೆ. ಮಿಕ್ಕ ಸಾಂಬಾರನ್ನು ಹಸುವಿನ ಕಲಗಚ್ಚಿಗೆ ಹಾಕಿದೆ. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ವಾರ ಹೀಗೆ ಕಳೆಯಿತು.

ನಿಡಘಟ್ಟದ ಕಡೆಯಿಂದ ಬರುವ ಹುಡುಗಿಯರಲ್ಲಿ ಒಬ್ಬಳು ಬಾಯಿಬಡುಕಿ. ಅತ್ತೆಗೂ ಅವಳಿಗೂ ದಿನಾ ಒಂದು ಜಗಳ ಇದ್ದೇ ಇರುತ್ತಿತ್ತು. ಅವಳು ಒಂದು ದಿನ ತಟ್ಟೆ ವಾಪಸ್ಸು ಕೊಡಲು ಬಂದವಳು, ದನಿ ತಗ್ಗಿಸಿ, ಗೌರವದಿಂದ ಕೇಳಿದಳು.

"ಅಕ್ಕಾ, ತಪ್ ತಿಳ್ಕಬೇಡ. ಇದು ತಿಂಗ್ಳಗಂಟನಾ, ವರ್ಸಗಂಟನಾ?"

"ಯಾವ್ದು?"

"ಅದೇ, ಉಪ್ಬುಟ್ಟಿರೋದು. ಅಜ್ಜಿ ಎಸ್ರಲ್ಲಿ."

ನನಗೆ ಅರ್ಥವಾಗಲಿಲ್ಲ. "ಯಾರೆ ಉಪ್ಬುಟ್ಟಿರೋದು?"

"ಇನ್ಯಾರು? ನೀನೇ. ಸಾಂಬಾರ್ಗೂ ಇಲ್ಲ, ಚಟ್ನಿಗೂ ಇಲ್ಲ. ನಿಮ್ಮನೇಲಿ ಸತ್ತೋರೆಸ್ರಲ್ಲಿ ಉಪ್ಬುಡೋ ಪದ್ಧತಿ ಅದೆ ಅಂತ ಎಲ್ರೂ ಮಾತಾಡ್ಕತಾವ್ರೆ. ಅದ್ಕೇ ನಾವೂ ಸುಮ್ನೆ ತಿಂತಿವಿ."

ನಾನು ಪಾತ್ರೆಯ ಮುಚ್ಚಳ ತೆಗೆದೆ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಬೇಳೆ ಇತ್ತು, ಹುಳಿ ಇತ್ತು, ಖಾರ ಇತ್ತು. ಉಪ್ಪಿನ ಸುಳಿವೇ ಇಲ್ಲ. ಕಲ್ಲುಪ್ಪಿನ ಮಡಕೆ ಅತ್ತೆ ಮುಚ್ಚಿಟ್ಟ ಹಾಗೆಯೇ ಮುಚ್ಚಿತ್ತು. ಅಷ್ಟು ವರ್ಷ ಅದು ನನ್ನ ಕೈ ಮುಟ್ಟದ ಕೆಲಸವಾಗಿದ್ದರಿಂದ, ಅದನ್ನು ಈಗ ನಾನೇ ಮಾಡಬೇಕು ಅಂತ ಕೈಗೂ ಹೊಳೆದಿರಲಿಲ್ಲ, ತಲೆಗೂ ಹೊಳೆದಿರಲಿಲ್ಲ.

"ಮರ್ತೋಗದೆ ಕಣೆ" ಅಂದೆ.

ಅವಳು ಹಿಂದಕ್ಕೆ ತಿರುಗಿ ಕೂಗಿದಳು. "ಲೇ, ಮರ್ತೋಗದಂತೆ ಕಣ್ರೇ! ಪದ್ಧತೀನೂ ಇಲ್ಲ, ಗಿದ್ಧತೀನೂ ಇಲ್ಲ!"

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಫಿಟ್ಟರು ಕೆಲಸದ ಒಬ್ಬಾತ, "ವಾರದಿಂದ ಅಜ್ಜಿ ಎಸ್ರೇಳ್ಕಂಡು ನುಂಗಿವ್ನಲ್ಲವ್ವಾ ನಾನು, ಔಸ್ದಿ ನುಂಗ್ದಂಗೆ!" ಅಂದ. ಮೇಷ್ಟ್ರು ತಮ್ಮ ತಟ್ಟೆ ನೋಡಿಕೊಂಡು, "ನಾನು ಮನೆಯಲ್ಲಿ ಹೇಳಿದ್ದೆ, ಎಂಥ ನಿಷ್ಠೆ ಆ ಸೊಸೆಯದು ಅಂತ" ಅಂದರು. ಅಲ್ಲಿಗೆ ಎಲ್ಲರೂ ನಗಲು ಶುರುಮಾಡಿದರು. ನಾನೂ ನಕ್ಕೆ. ಅತ್ತೆ ಹೋದ ಮೇಲೆ ಅದೇ ಮೊದಲು. ನಗುತ್ತ ನಗುತ್ತ ಅಳು ಬಂತು, ಯಾರೂ ಅದನ್ನು ತಡೆಯಲು ಹೋಗಲಿಲ್ಲ.

ಬಾಯಿಬಡುಕಿ ಹುಡುಗಿ ಒಳಗೆ ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ಒಂದು ತಟ್ಟೆಗೆ ಇಡ್ಲಿ ಹಾಕಿದಳು. "ಕುತ್ಕೊ. ತಿನ್ನು. ತಿಂದಿದ್ರೆ ತಾನೆ ನಿಂಗ್ ಗೊತ್ತಾಗದು?"

"ಎಲ್ರದೂ ಆಗ್ಲಿ. ತಿಂದ್ಮೇಲೆ ಉಪ್ಪು ಗೊತ್ತಾಗಾಕಿಲ್ಲ ಅಂತ ಅತ್ತೆ..."

"ಅಜ್ಜೀಗೆ ಗೊತ್ತಾಯ್ತಿತ್ತು. ನಿಂಗೆ ಅಸ್ಕಂಡಿದ್ರೂ ಗೊತ್ತಾಗ್ನಿಲ್ವಲ್ಲ, ಇನ್ನೇನು!"

ಬೆಂಚಿನವರು ಸರಿದು ಜಾಗ ಮಾಡಿದರು. ಅಷ್ಟು ವರ್ಷದಲ್ಲಿ ನಾನು ಆ ಬೆಂಚಿನ ಮೇಲೆ ಗಿರಾಕಿಗಳ ಜೊತೆ ಕೂತದ್ದೇ ಇಲ್ಲ. ಅವರ ನಡುವೆ ಕೂತು, ಅವರು ವಾರವಿಡೀ ತಿಂದ ಸಪ್ಪೆ ಸಾಂಬಾರಿಗೆ ಇಡ್ಲಿ ಅದ್ದಿ ತಿಂದೆ. ತುಂಬ ಕೆಟ್ಟದಾಗಿತ್ತು. ಪ್ರತಿ ತುತ್ತಿಗೂ, ಇದನ್ನು ಇವರು ಒಂದು ಮಾತೂ ಆಡದೆ ತಿಂದರಲ್ಲ ಅನ್ನಿಸಿತು. ಬೇರೆ ಅಂಗಡಿಗಳಿದ್ದವು. ಹೋಗಬಹುದಿತ್ತು. ಅತ್ತೆ ಯಾರನ್ನೆಲ್ಲ ಇಷ್ಟು ವರ್ಷ ನಾಷ್ಟ ಆಯ್ತಾ ಅಂತ ಕೇಳಿದ್ದರೋ ಅವರು ಯಾರೂ ಹೋಗಿರಲಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ಮುಚ್ಚಿಡುವ ವಿಷಯವಾಗಿರಲಿಲ್ಲ, ಅಷ್ಟು ಹೊತ್ತಿಗೆ ಕಾರ್ಖಾನೆಯವರೆಗೂ ಸುದ್ದಿ ಹೋಗಿತ್ತು. ಟೈರಂಗಡಿಯವನಿಗೆ ಕೊಟ್ಟುಬಿಡೋಣ ಅನ್ನುತ್ತಾರೆಂದೇ ಅಂದುಕೊಂಡಿದ್ದೆ. ಅವರು ಬೂಟು ಬಿಚ್ಚುತ್ತ ಕೇಳಿಸಿಕೊಂಡರು. ಬಿಚ್ಚಿದ ಬೂಟನ್ನು ಗೋಡೆಗೆ ಒರಗಿಸಿಟ್ಟು ಕೇಳಿದರು.

"ವಾರಪೂರ್ತಿ ಉಪ್ಪಿಲ್ದೇ ಇದ್ರೂ ಜನ ಕಮ್ಮಿ ಆಗ್ನಿಲ್ವಾ?"

"ಇಲ್ಲ."

"ಉಪ್ಪಿಲ್ದಿದ್ರೂ ಬಂದವ್ರೆ. ಇನ್ನ ಉಪ್ಪಾಕುದ್ರೆ ಬರಾಕಿಲ್ವಾ?" ಅಂದರು. ಆಮೇಲೆ ಫೋನು ತೆಗೆದುಕೊಂಡು ಹೊರಗೆ ಹೋಗಿ ಟೈರಂಗಡಿಯವನಿಗೆ ಇಲ್ಲ ಅಂತ ಹೇಳಿ ಬಂದರು.

ಮರುದಿನ ಬೆಳಗ್ಗೆ ಎದ್ದ ಕೂಡಲೇ ಕಾಫಿ ಕುಡಿದೆ. ಸಾಂಬಾರು ಕುದಿ ಬಂದಾಗ ಪಕ್ಕಕ್ಕೆ ಸರಿಯದೆ ಅಲ್ಲೇ ನಿಂತು, ಕಲ್ಲುಪ್ಪು ಹಾಕಿ, ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದೆ. ಸಾಲದು ಅನ್ನಿಸಿತು. ಇನ್ನೊಂದಿಷ್ಟು ಹಾಕಿದೆ. ಬಾಗಿಲು ತೆಗೆದಾಗ ಮೊದಲ ಬಸ್ಸು ಬಂದಿತ್ತು. ಬಾಯಿಬಡುಕಿ ಹುಡುಗಿ ಎಲ್ಲರಿಗಿಂತ ಮೊದಲು ತಟ್ಟೆ ಇಸಿದುಕೊಂಡು, ಒಂದು ತುತ್ತು ಬಾಯಿಗಿಟ್ಟು, ಮುಖ ಕಿವುಚಿದಳು.

"ಉಪ್ಪು ಜಾಸ್ತಿ ಕಣಕ್ಕಾ."

"ಹೋದ ವಾರದ್ದೂ ಸೇರ್ಸಿವ್ನಿ, ಸುಮ್ಕೆ ತಿನ್ನು" ಅಂದೆ. ಅವಳು ತಿಂದಳು, ಇನ್ನೆರಡು ಇಡ್ಲಿ ಹಾಕಿಸಿಕೊಂಡಳು.